ಬರ್ತೇನ್ರೀ ಕಾಕಾ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎದುರು ಪಾರ್ಟಿಯ ವಕೀಲರೂ ಕೋರ್ಟಿನಲ್ಲಿ ಮೊದಲು ಹೇಳಿದ್ದು ಇದನ್ನೇ. 'ಈಕೆಗೆ ಮೂಗಿನ ತುದಿಯಲ್ಲೇ ಸಿಟ್ಟು. ಆ ಸಿಟ್ಟಿನಲ್ಲಿ ತಾನಾಗಿಯೇ ಕೆಲಸ ಬಿಟ್ಟು ಹೋದಳು' ಎಂದರು. ಮೊದಲ ಮಾತು ಖರೆ. ಎರಡನೆಯದು ಹಸಿ ಸುಳ್ಳು. ನನ್ನನ್ನು ತೆಗೆದುಹಾಕಿದ್ದರು. ಏನಾಯಿತು ಎಂದು ಒಂದು ಮಾತು ಕೇಳದೆ ತೆಗೆದುಹಾಕಿದ್ದರು.

ಆಗ ನಾನು ಅಫಜಲಪುರದ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್. ನನ್ನ ತವರು ಆಳಂದ ತಾಲೂಕಿನ ನರೋಣಾ, ಕೊಟ್ಟ ಊರು ಕರಜಗಿ. ಗಂಡ ಕರಜಗಿಯಲ್ಲೇ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಕಬ್ಬಿನ ಹೊಲದವರ ಮೋಟರು ಸುಟ್ಟಷ್ಟೂ ನಮ್ಮ ಒಲೆ ಚೆನ್ನಾಗಿ ಉರಿಯುತ್ತದೆ ಎಂದು ನಾನು ಅವರನ್ನು ಛೇಡಿಸುವುದುಂಟು. ಬೆಳಿಗ್ಗೆ ಬಸ್ಸು ಹಿಡಿದು ಹೋಗಿ, ಸಂಜೆ ಬಸ್ಸಿಗೆ ತಿರುಗಿ ಬರುವುದು, ನಡುವೆ ಬಾಣಂತಿಯರು, ಹಸುಗೂಸುಗಳು, ಸಲೈನ್ ಬಾಟಲಿಗಳು. ಆ ಕೆಲಸ ನನಗೆ ಹಿಡಿಸಿತ್ತು. ಕೂಸು ಮೊದಲ ಸಲ ಅತ್ತಾಗ ಬಾಗಿಲ ಹೊರಗೆ ನಿಂತ ಅಜ್ಜಿ 'ಏನ್ ಆತ್ರಿ ಸಿಸ್ಟರ್?' ಎಂದು ಕೇಳುವಳಲ್ಲ, ಆ ಗಳಿಗೆಯ ಗತ್ತು ಬೇರೆ ಯಾವ ನೌಕರಿಯಲ್ಲೂ ಇಲ್ಲ.

ದವಾಖಾನೆಯ ಮಾಲೀಕರು ಡಾಕ್ಟರ್ ಸಾಹೇಬರು. ಒಳ್ಳೆಯ ಕೈಗುಣ, ಆದರೆ ಕಿವಿ ಮಾತ್ರ ಹತ್ತಿರ ನಿಂತವರದ್ದು. ಆ ವರ್ಷ ಹತ್ತಿರ ನಿಂತವನು ಮ್ಯಾನೇಜರ್. ಬೇರೆ ಸೀಮೆಯವನು, ಇಸ್ತ್ರಿ ಅಂಗಿ, ನಯವಾದ ಮಾತು. ಅವನು ಬಂದ ಮೇಲೆ ಹಾಜರಿಗೆ ಹೆಬ್ಬೆಟ್ಟಿನ ಮಷೀನು ಬಂತು, ಸಿಬ್ಬಂದಿಗೆಲ್ಲ ಒಂದು ವಾಟ್ಸಾಪ್ ಗುಂಪು ಬಂತು, ನಗುವುದು ಕಡಿಮೆಯಾಯಿತು. ಗೇಟಿನಲ್ಲಿ ಮಾತ್ರ ಮೊದಲಿನಿಂದ ಇದ್ದ ವಾಚ್‌ಮನ್ ಕಾಕಾನೇ ಇದ್ದರು. ಜೇವರ್ಗಿ ಕಡೆಯವರು, ಮಗಳನ್ನು ಅಫಜಲಪುರಕ್ಕೆ ಕೊಟ್ಟು ಮಗಳ ಹತ್ತಿರವೇ ಇದ್ದುಬಿಟ್ಟಿದ್ದರು. ಆ ಮಗಳ ಕೂಸನ್ನು ಮೊದಲು ಎತ್ತಿಕೊಂಡದ್ದು ನಾನು. ಹಾಗಾಗಿ ಕಾಕಾ ನನ್ನನ್ನು ಸಿಸ್ಟರ್ ಎಂದು ಕರೆಯುವುದಕ್ಕಿಂತ ಯವ್ವಾ ಎಂದು ಕರೆಯುವುದೇ ಹೆಚ್ಚು.

ಆ ದಿನ ಸ್ಪೆಷಲ್ ರೂಮಿನಲ್ಲಿ ಒಬ್ಬ ಬಾಣಂತಿ ಮಲಗಿದ್ದಳು. ಹಿಂದಿನ ದಿನ ಹೊಟ್ಟೆ ಕೊಯ್ದು ಕೂಸು ತೆಗೆದಿದ್ದರು. ಮಧ್ಯಾಹ್ನ ಊರಿನ ಒಬ್ಬ ದೊಡ್ಡ ಕಂತ್ರಾಟುದಾರ ತಾಯಿಯನ್ನು ಕರೆದುಕೊಂಡು ಬಂದ. ಮುದುಕಿಗೆ ಬಿಪಿ ಏರಿತ್ತು, ಅಷ್ಟೇ. ಜನರಲ್ ವಾರ್ಡಿನಲ್ಲಿ ಮಂಚ ಖಾಲಿ ಇತ್ತು. ಅವನಿಗೆ ಸ್ಪೆಷಲ್ ರೂಮೇ ಬೇಕು.

"ಆಕಿನ್ನ ಹೊರಗ ಹಾಕ್ರಿ," ಎಂದ.

"ಹೊಲಿಗಿ ಇನ್ನೂ ಹಸಿ ಅದಾವ್ರಿ. ಎಬ್ಬಸಾಕ ಬರಂಗಿಲ್ಲ," ಎಂದೆ.

"ನೀ ಯಾರು ಹೇಳಾಕ?"

"ನಾ ಈ ವಾರ್ಡಿನ ಸಿಸ್ಟರ್. ನೀವ್ ಯಾರ್ರಿ?"

ಆತನನ್ನು ಯಾರು ಎಂದು ಕೇಳಿದವರು ಅಫಜಲಪುರದಲ್ಲಿ ಅಲ್ಲಿಯವರೆಗೆ ಯಾರೂ ಇದ್ದಿರಲಿಕ್ಕಿಲ್ಲ. ಗದ್ದಲ ಶುರುವಾಯಿತು. ಮ್ಯಾನೇಜರ್ ಓಡಿ ಬಂದ. ಬಂದವನು ನನ್ನ ಕಡೆ ತಿರುಗಿ ಏನಾಯಿತು ಎಂದು ಕೇಳುತ್ತಾನೆ ಎಂದುಕೊಂಡು ನಾನು ಬಾಯಿ ತೆರೆದಿದ್ದೆ. ಅವನು ಕಂತ್ರಾಟುದಾರನಿಗೆ ಕೈ ಮುಗಿದ. ಆಮೇಲೆ ವಾರ್ಡಿನ ರೋಗಿಗಳು, ಅವರ ನೆಂಟರು, ಕಸ ಗುಡಿಸುವವರು ಎಲ್ಲರ ಎದುರು ನನಗೆ ಹೇಳಿದ: "ನಾಳೆಯಿಂದ ನೀವು ಬರೋದು ಬೇಡ."

ನನ್ನ ತೆರೆದ ಬಾಯಿ ಹಾಗೇ ಉಳಿಯಿತು. ಡಾಕ್ಟರ್ ಸಾಹೇಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಅವರ ಮುಖ ನೋಡಿದೆ. ಅವರು ಕನ್ನಡಕ ಒರೆಸಿಕೊಂಡು ಒಳಗೆ ಹೋದರು. ಮೈಯೆಲ್ಲ ಉರಿಯಿತು. ಆ ಉರಿಯಲ್ಲಿ ನಾನು ಏನಾದರೂ ಅಂದಿದ್ದರೆ ಊರು ನೆನಪಿಡುವಂಥದ್ದೇ ಅನ್ನುತ್ತಿದ್ದೆ. ಆದರೆ ಬಾಣಂತಿ ಹೆದರಿ ಅಳುತ್ತಿದ್ದಳು. ಅವಳ ಹೊದಿಕೆ ಸರಿ ಮಾಡಿ, ಡಬ್ಬಿ ಚೀಲ ತೆಗೆದುಕೊಂಡು ಹೊರಟೆ.

ಗೇಟಿನ ಹತ್ತಿರ ಬಂದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಇನ್ನು ಈ ಗೇಟು ದಾಟುವುದಿಲ್ಲ, ಈ ಮಂದಿಯ ಮುಖ ನೋಡುವುದಿಲ್ಲ. ಕಾಕಾ ಸ್ಟೂಲಿನಿಂದ ಎದ್ದು ನಿಂತರು. ನನ್ನ ಬಾಯಿಂದ ಹೊರಬಿದ್ದದ್ದು ಬೇರೆಯೇ ಮಾತು.

"ಬರ್ತೇನ್ರೀ ಕಾಕಾ."

"ಬಾ ಯವ್ವಾ," ಎಂದರು ಅವರು.

ಇದರಲ್ಲಿ ವಿಶೇಷವೇನಿಲ್ಲ. ನಮ್ಮ ಕಡೆ ಎಲ್ಲರೂ ಹಾಗೇ ಅನ್ನುವುದು. ನಾನು ಸಣ್ಣವಳಿದ್ದಾಗ ಒಮ್ಮೆ ನರೋಣಾದ ಮನೆಯ ಹೊಸ್ತಿಲ ಮೇಲೆ ನಿಂತು 'ಶಾಲಿಗಿ ಹೋಗ್ತೇನಿ' ಎಂದುಬಿಟ್ಟಿದ್ದೆ. ಅವ್ವ ಒಳಗಿನಿಂದ ಓಡಿ ಬಂದು, ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗಿ, ಕೂಡ್ರಿಸಿ, ಒಂದು ಗುಟುಕು ನೀರು ಕುಡಿಸಿ, 'ಬರ್ತೇನಿ ಅನಬೇಕು ಬೇ. ಈಗ ಅನು' ಎಂದು ಮತ್ತೆ ಅನ್ನಿಸಿ ಕಳಿಸಿದ್ದಳು. ಶಾಲೆಗೆ ತಡವಾಗಿ ಪೆಟ್ಟು ತಿಂದೆ. ಅಂದಿನಿಂದ ನನ್ನ ನಾಲಿಗೆ ಹೊಸ್ತಿಲಲ್ಲಿ ಬೇರೆ ಮಾತಿಗೆ ಹೊರಳುವುದೇ ಇಲ್ಲ. ಆದರೆ ಆ ಸಂಜೆ ನನಗೆ ನನ್ನ ನಾಲಿಗೆಯ ಮೇಲೇ ಸಿಟ್ಟು ಬಂತು. ಮುಖಕ್ಕೆ ಹೊಡೆದಂತೆ ಬರಬೇಡ ಎಂದವರ ಗೇಟಿನಲ್ಲಿ ನಿಂತು ಬರ್ತೇನಿ ಅನ್ನುವುದೆಂದರೆ ಏನು ಲಾಚಾರಿ.

ಬಸ್ಸು ಕರಜಗಿ ಮುಟ್ಟುವುದರೊಳಗೆ ಫೋನು ಟಿಂಗ್ ಎಂದಿತು. ದವಾಖಾನೆಯ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದುಹಾಕಿದ್ದರು. ನನ್ನ ಕೆಲಸ ಹೋದದ್ದಕ್ಕೆ ನನಗೆ ಸಿಕ್ಕ ನೋಟೀಸು ಅದೊಂದೇ.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲ ಹೇಳಿದೆ. ಅವರು ನನ್ನಂತಲ್ಲ. ಸುಟ್ಟ ಮೋಟರನ್ನು ತಂತಿ ತಂತಿಯಾಗಿ ಬಿಚ್ಚಿ ಮತ್ತೆ ಸುತ್ತುವವರು, ಅವಸರವೆಂಬುದೇ ಗೊತ್ತಿಲ್ಲ. ರೊಟ್ಟಿ ಮುರಿಯುತ್ತ ಕೇಳಿದರು, "ಬರುವಾಗ ಏನಂದಿ?"

"ಬರ್ತೇನಿ ಅಂದೆ. ಸುಡಗಾಡು ನಾಲಿಗಿ."

"ಬರ್ತೇನಿ ಅಂದು ಬಂದೀಯಲ್ಲ, ಹೋಗು ಮತ್ತ. ಬರಬ್ಯಾಡ ಅಂದಾತ ಕಾಗದ ಕೊಟ್ಟಾನೇನು? ಮಾತಿಗೇನದ, ನಾಳಿ ಇಲ್ಲ ಅಂತಾನ."

ಹೋಗಬಾರದೆಂದು ಹಲ್ಲು ಕಚ್ಚಿಕೊಂಡು ಮಲಗಿದವಳು ಬೆಳಿಗ್ಗೆ ಎದ್ದು ಬಿಳಿ ಸೀರೆ ಉಟ್ಟು ಬಸ್ಸು ಹತ್ತಿದೆ. ಕಾಕಾ ಗೇಟು ತೆಗೆದರು. ಮಷೀನಿನ ಮೇಲೆ ಹೆಬ್ಬೆಟ್ಟು ಇಟ್ಟೆ. ಕೆಂಪು ದೀಪ. ಸೆರಗಿನಿಂದ ಒರೆಸಿ ಮತ್ತೆ ಇಟ್ಟೆ. ಮತ್ತೆ ಕೆಂಪು. ರಾತ್ರಿಯೇ ನನ್ನ ಹೆಬ್ಬೆಟ್ಟನ್ನೂ ತೆಗೆದುಹಾಕಿದ್ದರು. ಮ್ಯಾನೇಜರ್ ಕೋಣೆಯಿಂದ ಹೊರಗೆ ಬಂದು, ಒಂದಿಷ್ಟೂ ನಾಚಿಕೆಯಿಲ್ಲದೆ, "ನೀವೇ ಸಿಟ್ಟು ಮಾಡ್ಕೊಂಡು ಬಿಟ್ಟು ಹೋದ್ರಲ್ಲ ಮೇಡಂ. ಈಗ ಯಾಕೆ ಬಂದ್ರಿ?" ಎಂದ.

ಗಂಡ ಹೇಳಿದ್ದು ಸರಿಯಾಗಿತ್ತು. ಮಾತಿಗೇನು, ಮರುದಿನವೇ ಇಲ್ಲ ಎಂದ.

ಊರಲ್ಲಿ ಸುದ್ದಿಗೆ ಕಾಲು ಬಂತು. ನರ್ಸಿನ ಕೆಲಸ ಹೋಯಿತು ಎಂದರೆ ಜನ ನೂರು ಕಾರಣ ಹುಟ್ಟಿಸುತ್ತಾರೆ. ಔಷಧಿ ಕದ್ದಳಂತೆ, ತಪ್ಪು ಇಂಜೆಕ್ಷನ್ ಚುಚ್ಚಿದಳಂತೆ, ಇನ್ನೂ ಹೇಳಬಾರದ್ದು. ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಣ್ಣುಮಗಳೊಬ್ಬಳು ದನಿ ತಗ್ಗಿಸಿ, "ಖರೇ ಹೇಳ್ರಿ ಸಿಸ್ಟರ್, ಏನ್ ಮಾಡಿದ್ರಿ?" ಎಂದಾಗ ಕಣ್ಣಲ್ಲಿ ನೀರು ಬಂತು. ನಾನು ಸುಲಭಕ್ಕೆ ಅಳುವವಳಲ್ಲ. ನೌಕರಿ ಇನ್ನೊಂದು ಸಿಕ್ಕೀತು. ನನ್ನ ಕೈಗೆ ತಮ್ಮ ಹೆಣ್ಣುಮಕ್ಕಳನ್ನು ಒಪ್ಪಿಸಿದ್ದ ಜನ ಈಗ ಅದೇ ಕೈಯನ್ನು ಅನುಮಾನದಿಂದ ನೋಡಿದರೆ ಅದನ್ನು ತಡೆದುಕೊಳ್ಳುವುದು ನನ್ನಿಂದಾಗುತ್ತಿರಲಿಲ್ಲ. ಯಾಕೆ ತೆಗೆದರು ಎಂಬುದಕ್ಕೆ ಒಂದು ಉತ್ತರ ಹೊರಗೆ ಬರಬೇಕಾಗಿತ್ತು, ಅದೂ ನಾಲ್ಕು ಜನರ ಎದುರು.

ಆಳಂದದಲ್ಲಿ ನಮ್ಮಪ್ಪನ ಶಾಲೆಯ ಗೆಳೆಯರೊಬ್ಬರು ವಕೀಲರು. ಅಪ್ಪ ಹೋದ ಮೇಲೂ ನಮ್ಮ ಮನೆಯವರ ಕಷ್ಟ ಸುಖ ವಿಚಾರಿಸುವವರು. ಅವರ ಮುಂದೆ ಕೂತು ನಾನು ಮ್ಯಾನೇಜರನ ವಂಶವನ್ನೆಲ್ಲ ಉದ್ಧಾರ ಮಾಡಿದೆ. ವಕೀಲ ಸಾಹೇಬರು ಚಹಾ ಕುಡಿಯುತ್ತ ಪೂರ್ತಿ ಕೇಳಿದರು.

"ಮುಗೀತೇನು?"

"ಸದ್ಯಕ್ಕ ಮುಗೀತ್ರಿ."

"ನೋಡು ಮಗಳ, ಕಾಯ್ದೆಗೆ ನೀ ಒಳ್ಳೇಕಿ ಅನ್ನೋದು ಮೊದಲ ಬೇಕಾಗಿಲ್ಲ. ಕಾಯ್ದೆ ಒಂದ ಕೇಳ್ತದ. ತೆಗಿಯೂಕಿಂತ ಮೊದಲ ಈಕಿನ್ನ ಕೇಳಿದ್ರೇನು? ಇಂಥಾ ತಪ್ಪು ಮಾಡೀದಿ ಅಂತ ಹೇಳಿ, ನಿನ್ನ ಜವಾಬು ತಗೊಂಡು, ವಿಚಾರಣಿ ನಡಸಿ, ಆಮ್ಯಾಲ ಫೈಸಲಾ. ಕಳ್ಳನ್ನ ತೆಗಿಯೂಕೂ ಇದ ದಾರಿ."

"ಯಾರೂ ಕೇಳಿಲ್ರಿ."

"ಅದಕ್ಕ ಅವರು ನಿನ್ನ ತೆಗದೇವಿ ಅನ್ನಂಗಿಲ್ಲ. ತೆಗದೇವಿ ಅಂದ್ರ ಯಾಕ ಕೇಳಲಿಲ್ಲ ಅಂತ ಸಿಕ್ಕಿಬೀಳ್ತಾರ. ನೀನ ಬಿಟ್ಟು ಹೋದಿ ಅಂತಾರ. ನಮ್ಮ ಜಗಳ ಎಲ್ಲಾ ಆ ಒಂದ ಮಾತಿನ ಮ್ಯಾಲ."

ಹೋದಳೋ, ಕಳಿಸಿದರೋ. ಅಷ್ಟು ಸಣ್ಣ ಮಾತಿಗೆ ಅಷ್ಟು ದೊಡ್ಡ ಕೇಸು ಎಂದರೆ ಅವತ್ತು ನನಗೆ ನಂಬಿಕೆ ಬರಲಿಲ್ಲ.

ಮೊದಲು ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ರಾಜಿಗೆ ಕೂಡಿಸಿದರು. ಮ್ಯಾನೇಜರ್ ಬಹಳ ಮರ್ಯಾದೆಯಿಂದ ಮಾತಾಡಿದ. ಮಾನವೀಯತೆಯ ಮೇಲೆ ಸ್ವಲ್ಪ ಪರಿಹಾರ ಕೊಡುತ್ತೇವೆ, 'ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದೇನೆ' ಎಂದು ಒಂದು ಸಹಿ ಮಾಡಲಿ ಎಂದ. ಆ ದುಡ್ಡು ನಮಗೆ ಬೇಡವಾಗಿತ್ತು ಎಂದು ದೊಡ್ಡಸ್ತಿಕೆ ಹೇಳಲಾರೆ. ಆ ಸಲ ಹೊಳೆ ತುಂಬಿ, ಸೊನ್ನದ ಬ್ಯಾರೇಜಿನ ಹಿನ್ನೀರು ಚೆನ್ನಾಗಿ ನಿಂತು, ಯಾರ ಮೋಟರೂ ಸುಟ್ಟಿರಲಿಲ್ಲ, ಅಂಗಡಿಗೆ ಕೆಲಸವೇ ಇರಲಿಲ್ಲ. ಗಂಡ ನನ್ನ ಮುಖ ನೋಡಿದರು. ಪೆನ್ನು ನನ್ನ ಮುಂದೆ ಬಂತು.

"ಸಾಹೇಬ್ರ," ಎಂದೆ ಮ್ಯಾನೇಜರನಿಗೆ, "ನನ್ನ ಇಚ್ಛಾ ನಿಮಗ ಹೆಂಗ ಗೊತ್ತಾತ್ರಿ? ನೀವು ಕೇಳೇ ಇಲ್ಲಲ್ಲ."

ಅಧಿಕಾರಿ ತುಟಿ ಬಿಗಿದುಕೊಂಡು ನಗೆ ತಡೆದರು. ರಾಜಿ ಮುರಿಯಿತು. ಕೇಸು ಕಲಬುರಗಿಯ ಕಾರ್ಮಿಕ ನ್ಯಾಯಾಲಯಕ್ಕೆ ಹೋಯಿತು.

ಕೋರ್ಟೆಂದರೆ ಕಾಯುವುದು. ತಾರೀಖಿಗೆ ಹೋಗುವುದು, ವರಾಂಡದಲ್ಲಿ ಕೂಡುವುದು, ಹೆಸರು ಕೂಗಿದರೆ ಓಡುವುದು, ಮುಂದಿನ ತಾರೀಖು ಬರೆದುಕೊಂಡು ತಿರುಗಿ ಬರುವುದು. ಒಮ್ಮೆ ಎದುರು ವಕೀಲರಿಗೆ ಜ್ವರ, ಒಮ್ಮೆ ಮ್ಯಾನೇಜರನಿಗೆ ಮದುವೆ ಮನೆ, ಒಮ್ಮೆ ಕೋರ್ಟಿಗೇ ರಜೆ. ಹೊಟ್ಟೆಗೆ ರಜೆ ಇಲ್ಲವಲ್ಲ. ಜೇವರ್ಗಿಯಲ್ಲಿ ನನ್ನ ಅಕ್ಕ ಇದ್ದಾಳೆ. ಅವಳ ಮನೆಯಲ್ಲಿದ್ದು ಅಲ್ಲಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿದೆ, ವಾರಕ್ಕೊಮ್ಮೆ ಕರಜಗಿಗೆ ಬಂದು ಹೋದೆ. ಅಕ್ಕ ಒಂದು ದಿನವೂ ಮುಖ ಸಣ್ಣದು ಮಾಡಲಿಲ್ಲ. ಬದಲಿಗೆ ನನ್ನ ಪರವಾಗಿ ತಾನೂ ಮ್ಯಾನೇಜರನಿಗೆ ಬಯ್ಯುವಳು, ನಾನು ನಿಲ್ಲಿಸಿದ ಮೇಲೂ ಬಯ್ಯುವಳು.

ಕಡೆಗೆ ನನ್ನ ಸಾಕ್ಷಿಯ ದಿನ ಬಂತು. ಬಾಗಿಲಲ್ಲಿ ವಕೀಲ ಸಾಹೇಬರು ಎಚ್ಚರಿಸಿದರು, "ಸಿಟ್ಟು ಇಲ್ಲೇ ವರಾಂಡದಾಗ ಬಿಟ್ಟು ಬಾ. ಹೋಗುವಾಗ ಒಯ್ಯುವಂತಿ."

ನ್ಯಾಯಾಧೀಶರು ಹೆಣ್ಣುಮಗಳು, ಬೇರೆ ಜಿಲ್ಲೆಯಿಂದ ಬಂದವರು, ಮೆತ್ತಗೆ ಮಾತಾಡುವವರು. ಕಾಗದಗಳನ್ನು ತಿರುವಿ ನೋಡಿ, ಬದಿಗಿಟ್ಟು, ನನ್ನನ್ನೇ ನೇರವಾಗಿ ನೋಡಿ ಕೇಳಿದರು.

"ಆ ದಿನ ಏನಾಯಿತು? ನೀವೇ ಹೇಳಿ."

ಅಷ್ಟೇ. ಆ ಮಾತು ಕೇಳಿದ್ದೇ ಕಟಕಟೆ ಹಿಡಿದು ನಿಂತೆ. ಎಷ್ಟು ಜನ ನನಗೆ 'ಏನ್ ಮಾಡಿದಿ' ಎಂದು ಕೇಳಿದ್ದರು, 'ಏನಾಯಿತು' ಎಂದು ಕೇಳಿದ ಮೊದಲ ಮನುಷ್ಯರು ಇವರು. ನೀರು ಕೊಡಿಸಿದರು. ಕುಡಿದು, ಒಂದೊಂದಾಗಿ ಹೇಳಿದೆ. ಹಸಿ ಹೊಲಿಗೆ, ಖಾಲಿ ಮಂಚ, ಕಂತ್ರಾಟುದಾರ, ನಾನು ಅವನನ್ನು ಯಾರು ಎಂದು ಕೇಳಿದ್ದು, ಎಲ್ಲ. ಯಾವುದನ್ನೂ ಮುಚ್ಚಿಡಲಿಲ್ಲ. ಅವರು ತಲೆಯಾಡಿಸುತ್ತ ಕೇಳಿದರು. ಹೇಳಿ ಮುಗಿಸಿದಾಗ ಎದೆ ಎಷ್ಟು ಹಗುರವಾಗಿತ್ತೆಂದರೆ ಕೇಸು ಸೋತರೂ ಇಂದು ಹೋಳಿಗೆ ಮಾಡುತ್ತೇನೆ ಎಂದುಕೊಂಡೆ.

ಎದುರು ವಕೀಲರು ಪಾಟೀಸವಾಲು ಶುರು ಮಾಡಿದರು. ಜೇವರ್ಗಿಯಲ್ಲಿ ಕೆಲಸ ಮಾಡುತ್ತಿದ್ದೀರಿ ಅಲ್ಲವೇ ಎಂದು, ಕಳ್ಳತನ ಹಿಡಿದವರಂತೆ ಕೇಳಿದರು. "ಮಾಡಾಕತ್ತೇನ್ರಿ. ಕೇಸ್ ಮುಗಿಯೋತನಕ ಹೊಟ್ಟಿ ಕಾಯಂಗಿಲ್ಲಲ್ರಿ," ಎಂದೆ. ಸಿಟ್ಟಿನವಳಲ್ಲವೇ ಎಂದರು. "ಹೌದ್ರಿ," ಎಂದೆ. ಇಷ್ಟು ಬೇಗ ಒಪ್ಪಿಕೊಳ್ಳುತ್ತೇನೆ ಎಂದು ಅವರು ಅಂದುಕೊಂಡಿರಲಿಲ್ಲ, ಮುಂದಿನ ಪ್ರಶ್ನೆ ಹುಡುಕಲು ಫೈಲು ತಿರುವಿದರು.

ಮುಂದಿನ ತಾರೀಖಿಗೆ ದವಾಖಾನೆಯವರ ಸಾಕ್ಷಿ. ಹೆಸರು ಕೂಗಿದಾಗ ಎದ್ದು ಬಂದವರು ವಾಚ್‌ಮನ್ ಕಾಕಾ. ಬಿಳಿ ಧೋತರ, ತಲೆಗೆ ಪಟಗ. ನನ್ನ ಕಡೆ ನೋಡದೆ ಹೋಗಿ ನಿಂತರು. ನನಗೆ ಅರ್ಥವಾಯಿತು. ನಾನು ಗೇಟು ದಾಟಿದಾಗ ಅಲ್ಲಿ ಇದ್ದದ್ದು ಅವರೊಬ್ಬರೇ. ನಾನು ಬಿಟ್ಟು ಹೋದೆ ಎನ್ನಲು ಅವರಿಗಿಂತ ಒಳ್ಳೆಯ ಬಾಯಿ ಯಾವುದಿದೆ. ಕಾಕಾನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ವಯಸ್ಸಿನಲ್ಲಿ ಆ ಸ್ಟೂಲು ಬಿಟ್ಟರೆ ಅವರಿಗೆ ಇನ್ನೊಂದು ಸ್ಟೂಲು ಯಾರು ಕೊಡುತ್ತಾರೆ. ಸೋತೆ ಎಂದು ಗಂಡನಿಗೆ ಪಿಸುಗುಟ್ಟಿದೆ.

"ಆ ದಿನ ಸಂಜೆ ಈಕೆ ಗೇಟಿನಿಂದ ಹೊರಗೆ ಹೋದದ್ದನ್ನು ನೋಡಿದ್ದೀರಾ?" ದವಾಖಾನೆಯ ವಕೀಲರು ಕೇಳಿದರು.

"ನೋಡೀನ್ರಿ."

"ಹೋಗುವಾಗ ಏನಂದರು?"

ಕಾಕಾ ತುಟಿ ಒದ್ದೆ ಮಾಡಿಕೊಂಡರು. "ಹೋ..." ಎಂದರು. ನಿಂತರು. ಕೆಮ್ಮಿದರು. ಮತ್ತೆ "ಹೋ..." ಎಂದರು. ಮ್ಯಾನೇಜರ್ ಕುರ್ಚಿಯಲ್ಲಿ ಮುಂದೆ ಬಾಗಿದ. ಕಾಕಾ ಪಟಗ ಸರಿ ಮಾಡಿಕೊಂಡು, ಏನೋ ಹೊರೆ ಇಳಿಸಿದವರಂತೆ ಹೇಳಿಬಿಟ್ಟರು.

"ಬರ್ತೇನ್ರೀ ಕಾಕಾ, ಅಂದ್ರು."

"ಸರಿಯಾಗಿ ನೆನಪು ಮಾಡಿಕೊಳ್ಳಿ. 'ಹೋಗ್ತೇನಿ, ಇನ್ನು ಬರೋದಿಲ್ಲ' ಅಂದರಲ್ಲವೇ?"

"ಸಾಕ್ಷಿಗೆ ನೀವೇ ಉತ್ತರ ಹೇಳಿಕೊಡಬೇಡಿ," ಎಂದರು ನ್ಯಾಯಾಧೀಶರು. ಆಮೇಲೆ ತಾವೇ ಕೇಳಿದರು, "ಹೋಗ್ತೇನೆ ಅಂತ ಅಂದರೋ ಇಲ್ಲವೋ?"

"ಹಂಗ ಯಾರೂ ಅನ್ನಂಗಿಲ್ರಿ ಅವ್ವಾರ," ಎಂದರು ಕಾಕಾ. ನ್ಯಾಯಾಧೀಶರಿಗೆ ಇಷ್ಟೂ ತಿಳಿಯದೇ ಎಂಬ ಅಚ್ಚರಿ ಅವರ ದನಿಯಲ್ಲಿ. "ಸತ್ತೋರಷ್ಟ ಹೋಗೂದ್ರಿ. ಬದುಕಿದ್ದೋರು ಬರ್ತೇನಿ ಅಂತಾರ. ತುಂಬಿದ ಮನಿ ಹೆಣ್ಮಗಳು, ಆಕಿ ಬಾಯಾಗ ನಾ ಹೆಂಗ ಅಂಥಾ ಮಾತು ಇಡ್ಲಿರಿ?"

ಕೋರ್ಟು ನಕ್ಕಿತು. ಟೈಪು ಮಾಡುವಾಕೆಯೂ ನಕ್ಕಳು. ನಮ್ಮ ವಕೀಲ ಸಾಹೇಬರು ಮಾತ್ರ ನಗಲಿಲ್ಲ. ಸಾವಕಾಶ ಎದ್ದು ನಿಂತರು.

"ಆಕಿ ಬರ್ತೇನಿ ಅಂದಾಗ ನೀವು ಏನಂದ್ರಿ?"

"ಬಾ ಯವ್ವಾ ಅಂದೆ. ಮತ್ತೇನ್ ಅನಬೇಕ್ರಿ?"

"ಆಮ್ಯಾಲ ಆಕಿ ಬಂದ್ರೇನು?"

ಈ ಪ್ರಶ್ನೆಯನ್ನು ಕಾಕಾನಿಗೆ ಯಾರೂ ಕಲಿಸಿಕೊಟ್ಟಿರಲಿಲ್ಲ. ಕಲಿಸಿದ್ದು ಗೇಟಿನ ಮಾತಿನವರೆಗೆ ಮಾತ್ರ. ಅಲ್ಲಿಗೇ ತಪ್ಪಿದ ಮೇಲೆ ಉಳಿದದ್ದು ಖರೆ ಒಂದೇ.

"ಬರದ ಏನ್ರಿ? ಬರ್ತೇನಿ ಅಂದಿದ್ರು, ಮರುದಿನ ಮುಂಜಾನಿ ಬಂದ್ರು. ನಾನ ಗೇಟ್ ತೆಗದೇನಿ. ಆ ಹೆಬ್ಬೆಟ್ಟಿನ ಮಷೀನ್ ಅವರನ್ನ ತಗೊಳ್ಳಿಲ್ಲ. ಮ್ಯಾನೇಜರ್ ಸಾಹೇಬ್ರು ಹೊರಗ ಕಳಿಸಿದ್ರು."

"ಕಳಿಸಿದರು," ಎಂದು ನ್ಯಾಯಾಧೀಶರು ಆ ಮಾತನ್ನು ಹಾಗೆಯೇ ಟೈಪು ಮಾಡಿಸಿದರು. ಮ್ಯಾನೇಜರ್ ನೆಲ ನೋಡುತ್ತಿದ್ದ. ನನ್ನ ಗಂಡ, ಎಂದೂ ಯಾರ ಎದುರೂ ನನ್ನ ಕೈ ಮುಟ್ಟದವರು, ಬೆಂಚಿನ ಮೇಲೆ ನನ್ನ ಕೈ ಹಿಡಿದುಕೊಂಡರು.

ಹೊರಗೆ ಬೇವಿನ ಗಿಡದ ಕೆಳಗೆ ಕಾಕಾ ಒಬ್ಬರೇ ಕೂತಿದ್ದರು. ದವಾಖಾನೆಯವರು ತಮ್ಮ ಗಾಡಿ ಹತ್ತಿ ಹೋಗಿಬಿಟ್ಟಿದ್ದರು, ಅವರನ್ನು ಬಿಟ್ಟು. ಚಹಾ ತಂದು ಕೊಟ್ಟೆ.

"ಸುಳ್ಳ ಹೇಳಾಕ ಬಂದಿದ್ದೆ ಯವ್ವಾ," ಎಂದರು. "ಬಾಯಿ ಒಪ್ಪಲಿಲ್ಲ."

"ಗೊತ್ತಾತ್ರಿ ಕಾಕಾ. ಬರ್ರಿ, ನಮ್ಮ ಸಂಗಾಟ ಬಸ್ಸಿಗಿ ಬರ್ರಿ."

"ನನ್ನ ನೌಕರಿನೂ ಮುಗೀತು ಇನ್ನ."

ವಕೀಲ ಸಾಹೇಬರು ಹಿಂದೆಯೇ ನಿಂತಿದ್ದರು. ಕಾಕಾನ ಭುಜದ ಮೇಲೆ ಕೈಯಿಟ್ಟು, "ಬರಬ್ಯಾಡ ಅಂದ್ರ ಒಂದ ಕೇಳ್ರಿ. ನೋಟೀಸ್ ಎಲ್ಲದ ಅಂತ. ಅಷ್ಟ ಕೇಳಿ ಸುಮ್ನ ಕುಂದರ್ರಿ," ಎಂದರು.

ಮರುದಿನ ಮ್ಯಾನೇಜರ್ ಬರಬೇಡಿ ಎಂದದ್ದು ನಿಜ. ಕಾಕಾ ವಕೀಲ ಸಾಹೇಬರು ಹೇಳಿಕೊಟ್ಟದ್ದಕ್ಕಿಂತ ಹೆಚ್ಚೇ ಕೇಳಿದರಂತೆ. "ನೋಟೀಸ್ ಎಲ್ಲದ್ರಿ? ವಿಚಾರಣಿ ಯಾವಾಗದ್ರಿ? ನನ್ನ ಜವಾಬು ತಗೊಳ್ರಿ ಮೊದಲ." ಕೇಳಿ ಸ್ಟೂಲಿನ ಮೇಲೆ ಕೂತರಂತೆ. ಒಂದು ಕೇಸಿಗೇ ಬೆವರಿದ್ದ ಮ್ಯಾನೇಜರ್ ಇನ್ನೊಂದಕ್ಕೆ ಧೈರ್ಯ ಮಾಡಲಿಲ್ಲ. ಈ ಸುದ್ದಿಯನ್ನು ಕಾಕಾನ ಮಗಳು ಫೋನಿನಲ್ಲಿ ಹೇಳಿದಾಗ ಅಕ್ಕ ಮತ್ತು ನಾನು ಜೇವರ್ಗಿಯ ಅಡುಗೆ ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ರೊಟ್ಟಿ ಸೀದುಹೋಯಿತು.

ತೀರ್ಪು ಬಂತು. ಗಂಡ ಅಂಗಡಿಯ ಮುಂದೆ ನಿಂತು ಅದನ್ನು ಗಟ್ಟಿಯಾಗಿ ಓದಿದರು, ಬೇಕೆಂದೇ ಗಟ್ಟಿಯಾಗಿ. ಓಣಿಯವರು ಸೇರಿದರು. ನನ್ನ ಮೇಲೆ ಯಾವ ಆರೋಪವನ್ನೂ ಹೊರಿಸಿರಲಿಲ್ಲ, ನನ್ನ ಮಾತು ಕೇಳಿರಲಿಲ್ಲ, ವಿಚಾರಣೆ ನಡೆಸಿರಲಿಲ್ಲ. ಬಿಟ್ಟು ಹೋದಳೆಂಬುದನ್ನು ಅವರ ಸಾಕ್ಷಿಯೇ ಸುಳ್ಳು ಮಾಡಿದ್ದಾರೆ. ಆದ್ದರಿಂದ ನನ್ನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು, ನಡುವೆ ಕಡಿಯದಂತೆ ನೌಕರಿ ಲೆಕ್ಕ ಹಿಡಿಯಬೇಕು, ಜೇವರ್ಗಿಯಲ್ಲಿ ದುಡಿದದ್ದನ್ನು ಕಳೆದು ಹಿಂದಿನ ಸಂಬಳ ಕೊಡಬೇಕು. ನಡುವೆ ಒಂದು ಕಡೆ 'ಬರ್ತೇನ್ರೀ ಕಾಕಾ' ಎಂದು ನನ್ನ ಮಾತನ್ನು ನನ್ನ ಮಾತಿನಲ್ಲೇ ಅಚ್ಚು ಹಾಕಿದ್ದರು. ಗಂಡ ಅದನ್ನು ಓದಿದಾಗ ಬಸ್ಸಿನಲ್ಲಿ ನನ್ನನ್ನು ಏನು ಮಾಡಿದ್ರಿ ಎಂದು ಕೇಳಿದ್ದ ಅದೇ ಹೆಣ್ಣುಮಗಳು ಜನರ ನಡುವಿನಿಂದ, "ಏನೂ ಮಾಡಿಲ್ಲ ತಗೋರಿ ನಮ್ಮ ಸಿಸ್ಟರ್. ನಂಗ ಅವಾಗ ಗೊತ್ತಿತ್ತು," ಎಂದಳು. ನಾನು ಅವಳಿಗೆ ಪೇಢೆ ಕೊಟ್ಟೆ. ದೊಡ್ಡದನ್ನೇ ಕೊಟ್ಟೆ.

ಅವ್ವನಿಗೆ ನರೋಣಾಕ್ಕೆ ಫೋನು ಹಚ್ಚಿದೆ. ಎಲ್ಲ ಕೇಳಿ, "ಅವತ್ತ ಶಾಲಿಗಿ ತಡಾ ಆಗಿ ಪೆಟ್ಟು ತಿಂದೆ ಅಂತ ನನಗ ಬೈದಿದ್ದಿ, ನೆನಪದ ಏನು?" ಎಂದಳು. ಬಂದ ಪರಿಹಾರದಲ್ಲಿ ಮೊದಲು ಅಕ್ಕನಿಗೊಂದು, ಅವ್ವನಿಗೊಂದು ಇಳಕಲ್ ಸೀರೆ ತೆಗೆದೆ.

ದುಡ್ಡು ಬಂತಲ್ಲ, ಇನ್ನು ಆ ದವಾಖಾನೆಗೆ ಯಾಕೆ, ಜೇವರ್ಗಿಯಲ್ಲೇ ಇರು ಎಂದವರಿದ್ದರು. ನಾನು ಕೇಳಲಿಲ್ಲ. ಬರ್ತೇನಿ ಎಂದು ಹೇಳಿ ಬಂದಿದ್ದೆ.

ಬಿಳಿ ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿ ಉಟ್ಟುಕೊಂಡು ಹೋದೆ. ಕಾಕಾ, ಒಬ್ಬೊಬ್ಬರೇ ದಾಟುವ ಸಣ್ಣ ಬಾಗಿಲು ಬಿಟ್ಟು, ಅಂಬುಲೆನ್ಸಿಗೆ ತೆರೆಯುವ ದೊಡ್ಡ ಗೇಟು ಪೂರ್ತಿ ತೆರೆದು ನಿಂತಿದ್ದರು. ಹೆಬ್ಬೆಟ್ಟು ಇಟ್ಟೆ. ಹಸಿರು ದೀಪ. ವಾರ್ಡಿನ ಹುಡುಗಿಯರು ಚಪ್ಪಾಳೆ ತಟ್ಟಿದರು. ಡಾಕ್ಟರ್ ಸಾಹೇಬರು ತಮ್ಮ ಕೋಣೆಗೆ ಕರೆದರು. ಕೂಡ್ರಲು ಹೇಳಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಿಸ್ಟರ್, ಅವತ್ತ ಏನಾಗಿತ್ತು?"

ಅವರಿಗೆ ತೀರ್ಪಿನಿಂದ ಎಲ್ಲ ಗೊತ್ತಿತ್ತು. ಆದರೂ ಕೇಳಿದರು. ನಾನು ಹೇಳಿದೆ, ಹಸಿ ಹೊಲಿಗೆಯಿಂದ ಹಿಡಿದು. ಕೊನೆಯವರೆಗೆ ಕೇಳಿ, "ಇದನ್ನ ಅವತ್ತ ಕೇಳಬೇಕಾಗಿತ್ತು," ಎಂದರು. ನನ್ನ ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ಹೊರಗೆ ಒಂದು ಕೂಸು ಅಳುತ್ತಿತ್ತು, ಕೆಲಸಕ್ಕೆ ಎದ್ದೆ.

ಸಂಜೆ ಡಬ್ಬಿ ಚೀಲ ಹಿಡಿದು ಗೇಟಿಗೆ ಬಂದೆ. ಹಿಂದೆಯೇ ಮ್ಯಾನೇಜರ್ ಬರುತ್ತಿದ್ದ, ಮನೆಗೆ ಹೊರಟವನು. ನಾನು ನಿಂತು ಕಾಕಾನಿಗೆ ಹೇಳಿದೆ, ಈ ಸಲ ಪ್ರತಿ ಅಕ್ಷರವನ್ನೂ ಬೇಕೆಂದೇ ಹೇಳಿದೆ.

"ಬರ್ತೇನ್ರೀ ಕಾಕಾ."

"ಬಾ ಯವ್ವಾ."

ಇಷ್ಟು ವರ್ಷ ಗೇಟಿನಲ್ಲಿ ಯಾರ ಮುಖವನ್ನೂ ನೋಡದೆ ದಾಟುತ್ತಿದ್ದ ಮ್ಯಾನೇಜರ್ ಅಂದು ನಿಂತ. ಕೈಯಲ್ಲಿನ ಕೀಲಿ ತಿರುಗಿಸಿದ. ಆಮೇಲೆ ಮೆಲ್ಲಗೆ, "ಬರ್ತೀನಿ ಕಾಕಾ," ಎಂದ.

ಕಾಕಾ ಸ್ಟೂಲಿನಿಂದ ಎದ್ದು ನಿಂತು ಬೆನ್ನು ನೇರ ಮಾಡಿಕೊಂಡರು.

"ಬರ್ರಿ ಸಾಹೇಬ್ರ. ನಿಮ್ಮನ್ನೂ ಕೇಳದ ಯಾರೂ ಬರಬ್ಯಾಡ ಅನ್ನಂಗಿಲ್ಲ ಇನ್ನ."